ಹಳೆ ಕಾರು ಕೊಳ್ಳುತ್ತೀರಾ? ಬಿಲ್ ಯಾರ ಹೆಸರಲ್ಲಿದೆ ನೋಡಿ

"ಸಿಂಗಲ್ ಓನರ್ ಗಾಡಿ ಸಾರ್, ಡಾಕ್ಟರ್ ಓಡಿಸಿದ್ದು. ಒಂದು ಗೀಟೂ ಇಲ್ಲ."

ತುಮಕೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟರೆ ಈ ಮಾತು ಎಲ್ಲಾದರೂ ಕಿವಿಗೆ ಬಿದ್ದೇ ಬೀಳುತ್ತದೆ. ಊರಿನ ಡಾಕ್ಟರುಗಳೆಲ್ಲ ಒಟ್ಟಿಗೆ ಕಾರು ಮಾರಿದರಾ ಅಂತ ಅನುಮಾನ ಬರಬೇಕು, ಅಷ್ಟು! ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ದುಡ್ಡು ಕೊಡುವ ಮೊದಲು ಆ ಮಾತನ್ನು ಬರೆಸಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಳೆ ಗಾಡಿ ಕೊಂಡವರಿಗೂ ಅನ್ವಯಿಸುತ್ತದೆ. ಆದರೆ ದೂರು ವಿಚಾರಿಸುವ ಗ್ರಾಹಕ ಆಯೋಗದ ಮುಂದೆ ಬರೀ ಬಾಯಿಮಾತು ನಿಲ್ಲುವುದು ಕಷ್ಟ.

ಮೊದಲು, ಮಾರುತ್ತಿರುವುದು ಯಾರು?

ಹಳೆ ಗಾಡಿ ಮಾರುವ, ಮಾರಿಸುವ ಅಂಗಡಿಯವರನ್ನು ನಮ್ಮ ಕಡೆ ಕನ್ಸಲ್ಟಿಂಗ್‌ನವರು ಅನ್ನುತ್ತೇವೆ. ಕೆಲವರು ಗಾಡಿಯನ್ನು ತಾವೇ ಕೊಂಡು ಮಾರುತ್ತಾರೆ. ಕೆಲವರು ಓನರ್‌ಗೂ ನಿಮಗೂ ಮಾತು ಕುದುರಿಸಿ ಕಮಿಷನ್ ತಗೊಳ್ಳುತ್ತಾರೆ. ತಕರಾರು ಬಂದ ದಿನ ಮಾತ್ರ ಎಲ್ಲರದೂ ಒಂದೇ ರಾಗ: "ನಾನು ಮಧ್ಯದವನು ಅಷ್ಟೇ, ಓನರ್‌ನ ಕೇಳಿ."

ಈ ಮಾತಿಗೆ ಬೆಲೆ ಇದೆ, ಅದಕ್ಕೇ ಎಚ್ಚರ ಬೇಕು. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟ ಸಾಮಾನ್ಯವಾಗಿ ಗ್ರಾಹಕ ಆಯೋಗದ ಮುಂದೆ ಬರುವುದಿಲ್ಲ. ಅಂಗಡಿ ಇಟ್ಟು ವ್ಯಾಪಾರ ಮಾಡುವವರು ಮಾರಿದರೆ ಬರುತ್ತದೆ. ಕಮಿಷನ್ ತಗೊಂಡವರನ್ನೂ ಸೇವೆ ಕೊಟ್ಟವರೆಂದು ಪ್ರಶ್ನಿಸಬಹುದು, ಆದರೆ ಕಮಿಷನ್ ಕೊಟ್ಟಿದ್ದಕ್ಕೆ ರಸೀದಿ ಇರಬೇಕಲ್ವಾ? ಹಾಗಾಗಿ ಅಂಗಡಿಯ ಹೆಸರಿನ ಬಿಲ್ ಕೇಳಿ. ಬಿಲ್ ಕೊಡದಿರುವುದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ದುಡ್ಡನ್ನೂ ಅಂಗಡಿಯ ಖಾತೆಗೇ ಹಾಕಿ. ಅಲ್ಲಿ ಕೆಲಸ ಮಾಡುವ ಹುಡುಗನ ಫೋನ್ ನಂಬರಿಗೆ ಬೇಡ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2023ರ ಏಪ್ರಿಲ್ 1ರಿಂದ ಹಳೆ ವಾಹನ ಮಾರುವ ಡೀಲರ್‌ಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು. ಅದು ಫಾರಂ 29ಬಿ. ಓನರ್ ಗಾಡಿಯನ್ನು ಅಂಥ ಡೀಲರ್‌ಗೆ ಒಪ್ಪಿಸುವಾಗ ಫಾರಂ 29ಸಿಯಲ್ಲಿ ತಿಳಿಸಬೇಕು. ಅಲ್ಲಿಂದ ಮುಂದೆ ಆ ಗಾಡಿಯ ಹೊಣೆ ಡೀಲರ್‌ದೇ. ಎರಡನ್ನೂ ತೋರಿಸಿ ಅನ್ನಿ. ಮುಖ ಸಿಂಡರಿಸಿದರೆ ಪಕ್ಕದ ಅಂಗಡಿ ಇದ್ದೇ ಇದೆ.

"ಬಿಲ್ ಬೇಕಂದ್ರೆ ಪೂರ್ತಿ ರೇಟಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಆಗುತ್ತೆ" ಅಂತ ಹೆದರಿಸುವವರೂ ಇದ್ದಾರೆ. ತಾವೇ ಕೊಂಡು ಮಾರುವ ಡೀಲರ್‌ಗೆ ತೆರಿಗೆ ಬೀಳುವುದು ಸಾಮಾನ್ಯವಾಗಿ ಲಾಭದ ಮೇಲೆ ಮಾತ್ರ. 3 ಲಕ್ಷಕ್ಕೆ ಕೊಂಡು 3.4 ಲಕ್ಷಕ್ಕೆ ಮಾರಿದರೆ ಲೆಕ್ಕ ಆ 40 ಸಾವಿರಕ್ಕೆ.

ಅಡ್ವಾನ್ಸ್ ಕೊಡುವ ಮುಂಚೆ

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ನೋಂದಣಿಯಾದ ದಿನ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಸಾಲ ಇದೆಯಾ ಎಂಬುದು ತಿಳಿಯುತ್ತದೆ. ಸಾಲ ಕಾಣಿಸಿದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕೈಗೆ ಬರುವವರೆಗೂ ಪೂರ್ತಿ ಹಣ ಕೊಡಬೇಡಿ.

ಕೆಎ–06 ತುಮಕೂರು, 44 ತಿಪಟೂರು, 64 ಮಧುಗಿರಿ. ನಮ್ಮ ಜಿಲ್ಲೆಯ ನಂಬರಾದರೆ ಹಳೆ ಓನರನ್ನು ಹುಡುಕಿ ಮಾತಾಡಿಸುವುದು ಕಷ್ಟವಲ್ಲ. ಬೆಂಗಳೂರಿನಿಂದ ಬಂದ ಗಾಡಿಯಾದರೆ ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆ ನೋಡಿ. ಕೆಲವೊಮ್ಮೆ ಆ ಪಟ್ಟಿ ಉದ್ದವೇ ಇರುತ್ತದೆ. ದೆಹಲಿಯಲ್ಲಿ ಹಳೆಯ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಇರುವುದರಿಂದ ಆ ಕಡೆಯ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ಅಲ್ಲಿನ ಸಾರಿಗೆ ಕಚೇರಿಯ ಎನ್‌ಒಸಿ ತರಿಸಿ, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಅದನ್ನೂ ಸೇರಿಸಿ ನೋಡಿದರೆ ಅಗ್ಗ ಅನಿಸುವುದು ಅನುಮಾನ.

ಮೀಟರ್ ಹಿಂದಕ್ಕೆ ತಿರುಗಿಸಿದ್ದಾರಾ ಅಂತ ತಿಳಿಯಲು ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ಕೇಳಿ. ಪ್ರತಿ ಸರ್ವಿಸ್‌ನಲ್ಲೂ ಕಿಲೋಮೀಟರ್ ಬರೆದಿರುತ್ತಾರೆ. ನಿಮ್ಮದೇ ಮೆಕ್ಯಾನಿಕ್ ಕರೆದುಕೊಂಡು ಹೋಗಿ, ಅದೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ. ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಸ್ವಲ್ಪ, ಕ್ಯಾತ್ಸಂದ್ರ ದಾಟಿ ಹೈವೇಯಲ್ಲಿ ಸ್ವಲ್ಪ ಓಡಿಸಿ ನೋಡಿ.

ಕಾಗದದಲ್ಲಿ ಏನಿರಬೇಕು?

ಮೀಟರ್ ರೀಡಿಂಗ್, ಎಷ್ಟನೇ ಓನರ್, ಆಕ್ಸಿಡೆಂಟ್ ಆಗಿದೆಯೋ ಇಲ್ಲವೋ, ನೀರಲ್ಲಿ ಮುಳುಗಿತ್ತಾ, ವಾರಂಟಿ ಕೊಡುವುದಾದರೆ ಯಾವುದಕ್ಕೆ, ಎಷ್ಟು ದಿನ. ಗಾಡಿ ಕೈಗೆ ಕೊಟ್ಟ ದಿನ ಮತ್ತು ಗಂಟೆಯನ್ನೂ ಬರೆಸಿ, ಅದಕ್ಕೂ ಹಿಂದಿನ ದಂಡ ನಿಮ್ಮ ತಲೆಗೆ ಬರಬಾರದು. ವಾಟ್ಸ್ಆ್ಯಪ್ ಮೆಸೇಜು, ಜಾಹೀರಾತಿನ ಫೋಟೊ ಅಳಿಸಬೇಡಿ.

"ಇದ್ದ ಹಾಗೆ ಮಾರಿದೆ" ಎಂಬ ಸಾಲಿಗೆ ಸುಮ್ನೆ ಸಹಿ ಹಾಕಬೇಡಿ. ಹಾಕಿದ್ದರೂ ಎಲ್ಲ ಮುಗಿಯಿತು ಅಂತಲ್ಲ, ಸುಳ್ಳು ಹೇಳಿ ಮಾರಿದ್ದನ್ನು ಆಗಲೂ ಪ್ರಶ್ನಿಸಬಹುದು. ಆದರೆ ದಾರಿ ಕಷ್ಟವಾಗುತ್ತದೆ.

ಗಾಡಿ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಆದ ಮೇಲೆ 30 ದಿನದೊಳಗೆ ಆರ್‌ಸಿಯಲ್ಲಿ ಹೆಸರು ಬದಲಾವಣೆಗೆ ಹೋಗಬೇಕು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನ.

ಗಾಡಿ ಕೈಕೊಟ್ಟರೆ

ಮೊದಲು ರಿಪೇರಿ ಮಾಡಿಸಿ ಆಮೇಲೆ ಜಗಳಕ್ಕೆ ಹೋಗುವವರೇ ಜಾಸ್ತಿ. ಅದು ಉಲ್ಟಾ. ಬಿಚ್ಚಿದ ಎಂಜಿನ್ ಸಾಕ್ಷಿ ಹೇಳುವುದಿಲ್ಲ. ಸರ್ವಿಸ್ ಸೆಂಟರಿನಿಂದ ದೋಷದ ಬಗ್ಗೆ ಲಿಖಿತ ವರದಿ ತಗೊಳ್ಳಿ, ಫೋಟೊ ತೆಗೆಯಿರಿ. ಡೀಲರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, 15 ದಿನ ಗಡುವು ಕೊಡಿ. 1915 ಗ್ರಾಹಕ ಸಹಾಯವಾಣಿಗೂ ದೂರು ಹೇಳಿ. ಕೆಲವು ಅಂಗಡಿಯವರು ಅಷ್ಟಕ್ಕೇ ದಾರಿಗೆ ಬರುತ್ತಾರೆ. ಕದ್ದ ಗಾಡಿ, ನಕಲಿ ಆರ್‌ಸಿ ಆಗಿದ್ದರೆ ಮಾತ್ರ ನೇರ ಪೊಲೀಸ್ ಠಾಣೆಗೆ ಹೋಗಿ.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 50 ಲಕ್ಷದವರೆಗಿನ ಖರೀದಿಯ ದೂರು ಇಲ್ಲೇ ನಡೆಯುತ್ತದೆ. ವಕೀಲರು ಇರಲೇಬೇಕೆಂದಿಲ್ಲ, ಇ–ಜಾಗೃತಿ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಬೆಂಗಳೂರಿನ ಡೀಲರ್ ಹತ್ತಿರ ಕೊಂಡಿದ್ದರೂ ಗುಬ್ಬಿಯವರು, ಶಿರಾದವರು ತುಮಕೂರಿನಲ್ಲೇ ದೂರು ಕೊಡಬಹುದು, ನೀವು ವಾಸವಿರುವ ಜಿಲ್ಲೆ ಸಾಕು. ದೂರು ಕೊಡಲು ಇರುವ ಅವಧಿ ಎರಡು ವರ್ಷ. ಬಾಡಿಗೆಗೆ ಓಡಿಸಲು ಕೊಂಡವರೂ, ತಾವೇ ಓಡಿಸಿ ಹೊಟ್ಟೆಪಾಡು ನೋಡಿಕೊಳ್ಳುವವರಾದರೆ, ಗ್ರಾಹಕರೇ.

ಏನು ಗೆಲ್ಲುತ್ತದೆ, ಏನು ಗೆಲ್ಲುವುದಿಲ್ಲ? ಎಂಟು ವರ್ಷದ ಗಾಡಿಯ ಕ್ಲಚ್ ಸವೆದಿದೆ, ಟೈರ್ ಹೋಗಿದೆ ಅಂತ ಹೋದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಆಕ್ಸಿಡೆಂಟ್ ಮುಚ್ಚಿಟ್ಟದ್ದು, ಮೀಟರ್ ತಿರುಗಿಸಿದ್ದು, ಸಾಲ ಬಾಕಿ ಇದ್ದರೂ ಇಲ್ಲ ಅಂದದ್ದು, ಇವುಗಳಲ್ಲಿ ಬಲ ಇದೆ.

ಪ್ರಕರಣ ಮೂರು ತಿಂಗಳಲ್ಲಿ, ಗಾಡಿಯ ತಾಂತ್ರಿಕ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇನ್ನೂ ಎಳೆಯಬಹುದು. ಸೋತ ಡೀಲರ್ ರಾಜ್ಯ ಆಯೋಗಕ್ಕೆ 45 ದಿನದೊಳಗೆ ಮೇಲ್ಮನವಿ ಹಾಕಬಹುದು, ಆದರೆ ಕೊಡಬೇಕಾದ ಹಣದ ಅರ್ಧ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂತಾದರೆ ಅದೇ ಜಿಲ್ಲಾ ಆಯೋಗಕ್ಕೆ ಆದೇಶ ಜಾರಿ ಮಾಡಿಸಿ ಎಂದು ಅರ್ಜಿ ಕೊಡಿ. ಆದೇಶ ಪಾಲಿಸದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.