ದಾಳ ಹಾಕಿ ಆಡುವ 1879ರ ಕಾಸರಗೋಡು ಬೇಸ್‌ಬಾಲ್ ಲೀಗ್

ಬೇಸ್‌ಬಾಲ್ ಆ ಕಾಲದಲ್ಲೇ ದಕ್ಷಿಣ ಕನ್ನಡಕ್ಕೆ ಬಂದಿದ್ದರೆ? ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಬೇಕಲ, ಹೊಸದುರ್ಗ: ಆರು ತಂಡ ಸಾಕು. ಜೋಡಿಗೆ ನಾಲ್ಕರಂತೆ ಒಟ್ಟು 60 ಪಂದ್ಯ. ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಹಾಗಾಗಿ ಚಂದ್ರಗಿರಿ ಹೊಳೆ ದಾಟಬೇಕಾದ ಪಂದ್ಯಗಳ ನಡುವೆ ಮೂರು ದಿನ ಬಿಡಿ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಟವೇ ಬೇಡ.

ಪ್ರತಿ ಬ್ಯಾಟರ್‌ಗೂ ಎರಡು ದಾಳ ಹಾಕಿ: ಕೆಂಪು ದಾಳ ಹತ್ತರ ಸ್ಥಾನ, ಬಿಳಿಯದು ಬಿಡಿ ಸ್ಥಾನ. 11–16, 21, 22 ಬಿದ್ದರೆ ಸಿಂಗಲ್ (ಒಂದು ಬೇಸ್ ತಲುಪಿಸುವ ಹೊಡೆತ), 23 ಡಬಲ್ (ಎರಡು ಬೇಸ್), 24 ವಾಕ್ (ಕೆಟ್ಟ ಎಸೆತಗಳಿಂದ ಪುಕ್ಕಟೆ ಸಿಗುವ ಮೊದಲ ಬೇಸ್), 25, 26, 31, 32, 33 ಎರರ್ (ಫೀಲ್ಡರನ ತಪ್ಪು). 66 ಬಿದ್ದರೆ ಒಂದು ದಾಳ ಮತ್ತೆ ಹಾಕಿ: ಆರು ಬಂದರೆ ಹೋಮ್ ರನ್ (ಎಲ್ಲ ಬೇಸ್ ಸುತ್ತಿ ಬರುವ ಹೊಡೆತ), ಇಲ್ಲವಾದರೆ ಟ್ರಿಪಲ್ (ಮೂರು ಬೇಸ್). ಉಳಿದ 20 ಸಂಖ್ಯೆಗಳೂ ಔಟ್.

ಹೆಚ್ಚಿನವರು ಎಡವುವುದು ಇಲ್ಲೇ. ಈಗಿನ ಬೇಸ್‌ಬಾಲ್‌ಗೆ ಹೊಂದುವ ದಾಳದ ಪಟ್ಟಿ ಹಿಡಿದರೆ ಹೋಮ್ ರನ್‌ಗಳ ಸುರಿಮಳೆಯಾಗಿ ಆ ಕಾಲದ ಸೊಗಸೇ ಹೋಗುತ್ತದೆ. ಆಗ ಫೀಲ್ಡರುಗಳಲ್ಲಿ ಬಹುಪಾಲು ಬರಿಗೈಯವರು, ಅದಕ್ಕೇ ಎರರ್‌ಗೆ ಐದು ಸಂಖ್ಯೆ. ವಾಕ್‌ಗೆ ಒಂಬತ್ತು ಬಾಲ್ (ಕೆಟ್ಟ ಎಸೆತ) ಬೇಕಿತ್ತು, ಅದಕ್ಕೇ ಒಂದೇ ಸಂಖ್ಯೆ. ಪಿಚರ್ (ಚೆಂಡೆಸೆಯುವವ) 45 ಅಡಿಯಿಂದ, ಕೈ ಸೊಂಟದ ಕೆಳಗಿಟ್ಟು ಎಸೆಯುತ್ತಿದ್ದ. ಒಬ್ಬನೇ ಬಹುತೇಕ ಪಂದ್ಯ ನಿಭಾಯಿಸಲಿ. ಒಳ್ಳೆಯ ಪಿಚರ್ ಇದ್ದರೆ ದಾಳ 22 ಬಿದ್ದಾಗ ಸಿಂಗಲ್ ಬದಲು ಔಟ್ ಎನ್ನಿ.

ಎರಡು ಔಟ್, ಮೂರನೇ ಬೇಸ್‌ನಲ್ಲಿ ಓಟಗಾರ, ದಾಳ 32: ಚೆಂಡು ಕೈಜಾರಿತು, ರನ್ ಬಂತು. ಅದನ್ನು ಪಿಚರ್ ಲೆಕ್ಕಕ್ಕೆ ಸೇರಿಸದೆ ಬೇರೆ ಕಾಲಂನಲ್ಲಿ ಬರೆಯಿರಿ. ಹತ್ತು ಪಂದ್ಯದ ನಂತರ ಸ್ಕೋರು ವಿಪರೀತ ಅನಿಸಿದರೆ 33 ಅನ್ನೂ ಔಟ್ ಮಾಡಿ.