ನಾರ್ದರ್ನ್ ಲೈಟ್ಸ್ ನೋಡೋಕೆ ಹೊರಟಿದ್ದೀರಾ? ಮೊದಲು ಮೋಡ ನೋಡಿ

ಸ್ಟಾಕ್‌ಹೋಮ್‌ಗೆ ಹೊಸದಾಗಿ ಬಂದವರು ನವೆಂಬರ್ ಬಂತೆಂದರೆ ಕೇಳುವುದು ಇದನ್ನೇ: "ನಾರ್ದರ್ನ್ ಲೈಟ್ಸ್ ಎಲ್ಲಿ ಕಾಣುತ್ತೆ?" ಅಂದರೆ ಅರೋರಾ, ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು. ಅದಕ್ಕಾಗಿ ಬಾಲ್ಕನಿಯಲ್ಲಿ ನಿಂತು ಕಾಯಬೇಡಿ. ಸೂರ್ಯನಲ್ಲಿ ಭಾರೀ ಗಲಾಟೆಯಾದರೆ ದಕ್ಷಿಣಕ್ಕೂ ಕಾಣುವುದುಂಟು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲೂ ಕ್ಯಾಮೆರಾಗೆ ಕೆಂಪು ಬೆಳಕು ಸಿಕ್ಕಿತ್ತು. ಆದರೆ ಅದನ್ನು ನಂಬಿ ರಜೆ ಹಾಕೋಕಾಗಲ್ಲ.

ನನ್ನನ್ನು ಕೇಳಿದರೆ ಸ್ವೀಡನ್ನಿನ ಉತ್ತರ ತುದಿಯ ಪುಟ್ಟ ಊರು ಅಬಿಸ್ಕೋಗೆ ಹೋಗಿ. ಗಣಿ ಪಟ್ಟಣ ಕಿರುನಾದಿಂದ ಸುಮಾರು 100 ಕಿ.ಮೀ. ದೂರ, ಟೋರ್ನೆಟ್ರಾಸ್ಕ್ ಕೆರೆಯ ದಡ. ಕಡಲಿನಿಂದ ಬರುವ ಮೋಡಗಳು ನಾರ್ವೆ ಕಡೆಯ ಬೆಟ್ಟಗಳಲ್ಲೇ ಸುರಿದುಬಿಡುತ್ತವೆ. ಆಗುಂಬೆಯಲ್ಲಿ ಹೊಯ್ದ ಮೋಡ ಚಿತ್ರದುರ್ಗಕ್ಕೆ ಬರೋ ಹೊತ್ತಿಗೆ ಬರಿದಾಗಿರುತ್ತಲ್ಲ, ಅದೇ ಲೆಕ್ಕ. ಹಾಗಾಗಿ ಇಲ್ಲಿ ಆಕಾಶ ತಿಳಿಯಾಗಿರುವ ರಾತ್ರಿಗಳು ಜಾಸ್ತಿ.

ಎಲ್ಲರೂ ಫೋನಿನಲ್ಲಿ ಕೆಪಿ ಅಂಕಿಯನ್ನೇ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ 0ರಿಂದ 9ರವರೆಗೆ ಹೇಳುವ ಅಳತೆ) ನೋಡುತ್ತಾ ಕೂರುತ್ತಾರೆ. ಆದರೆ ಅಬಿಸ್ಕೋ, ಅರೋರಾ ಹೆಚ್ಚಾಗಿ ಕಾಣುವ ಪಟ್ಟಿಯ ಕೆಳಗೇ ಇದೆ. ಕೆಪಿ 1 ಅಥವಾ 2 ಇದ್ದರೂ ಸಾಕು. ಆ ಬೆಳಕು ಹುಟ್ಟುವುದು ನೆಲದಿಂದ 100 ಕಿ.ಮೀ.ಗೂ ಮೇಲೆ, ಮೋಡ ಇರುವುದು ಅದಕ್ಕಿಂತ ಎಷ್ಟೋ ಕೆಳಗೆ. ಮೋಡ ಮುಚ್ಚಿದ್ದರೆ ಕೆಪಿ 7 ಇದ್ದರೂ ಉಪಯೋಗವಿಲ್ಲ. ಹವಾಮಾನದ ಆ್ಯಪಿನಲ್ಲಿ ಮೋಡದ ನಕ್ಷೆ ನೋಡಿ. ಒಂದೇ ರಾತ್ರಿಗೆ ಹೋಗಬೇಡಿ, ಕನಿಷ್ಠ ಮೂರು ರಾತ್ರಿಯಾದರೂ ಇರಿ.

ಡಿಸೆಂಬರ್‌ಗಿಂತ ಮಾರ್ಚ್ ವಾಸಿ. ಡಿಸೆಂಬರ್‌ನಲ್ಲಿ ಅಲ್ಲಿ ಬಹುಪಾಲು ದಿನ ಸೂರ್ಯ ಹುಟ್ಟುವುದೇ ಇಲ್ಲ, ಮಕ್ಕಳಿದ್ದರಂತೂ ಹಗಲು ಕಳೆಯುವುದೇ ಕಷ್ಟ. ಮಾರ್ಚ್‌ನಲ್ಲಿ ಹಗಲು ನಾಯಿಗಾಡಿ, ಹಿಮದಾಟ, ರಾತ್ರಿ ಬೇಕಾದಷ್ಟು ಕತ್ತಲೆ. ಹಗಲು ರಾತ್ರಿ ಸಮವಾಗುವ ಆಸುಪಾಸಿನಲ್ಲಿ ಅರೋರಾ ಚಟುವಟಿಕೆಯೂ ಸಾಮಾನ್ಯವಾಗಿ ಹೆಚ್ಚು. ವರ್ಷದ ಒಂಬತ್ತನೇ ವಾರ (ಫೆಬ್ರವರಿ ಕೊನೆ, ಮಾರ್ಚ್ ಶುರು) ಮಾತ್ರ ಬೇಡ. ಅದು ಸ್ಟಾಕ್‌ಹೋಮ್ ಶಾಲೆಗಳ ಸ್ಪೋರ್ಟ್‌ಲೋವ್ ರಜೆ, ರೂಮುಗಳ ರೇಟು ಕೇಳಿದರೆ ತಲೆ ತಿರುಗುತ್ತೆ.

ರಾತ್ರಿ ರೈಲಿನಲ್ಲಿ ಹೋಗಿ. ಅಬಿಸ್ಕೋಗೆ ಎರಡು ನಿಲ್ದಾಣ: ಊರಿಗೆ ಓಸ್ಟ್ರಾ, ಟೂರಿಸ್ಟ್ ವಸತಿಗೆ ಟೂರಿಸ್ಟ್‌ಸ್ಟೇಷನ್. ರೂಮು ಎಲ್ಲಿದೆ ಅಂತ ನೋಡಿಕೊಂಡು ಟಿಕೆಟ್ ಮಾಡಿ. ಅದೇ ಹಳಿಯ ಮೇಲೆ ಕಿರುನಾದ ಅದಿರಿನ ಗೂಡ್ಸ್ ಗಾಡಿಗಳೂ ಓಡುತ್ತವೆ, ತಡವಾಗುವುದುಂಟು. ವಾಪಸ್ ಬರುವ ದಿನವೇ ಆಫೀಸ್ ಮೀಟಿಂಗ್ ಇಟ್ಟುಕೊಳ್ಳಬೇಡಿ. ಹಿಮದ ರಸ್ತೆಯಲ್ಲಿ ಓಡಿಸಿ ಗೊತ್ತಿಲ್ಲದಿದ್ದರೆ ಕಾರಿನ ಯೋಚನೆಯೇ ಬೇಡ, ಹಿಮಸಾರಂಗಗಳು ರಸ್ತೆಗೆ ಬಂದು ಆರಾಮಾಗಿ ನಿಲ್ಲುತ್ತವೆ.

ಚಳಿ ಮೈನಸ್ 20, 25ಕ್ಕೂ ಇಳಿಯುತ್ತೆ. ಜೀನ್ಸ್, ಕಾಟನ್ ಬನಿಯನ್ ಮನೆಯಲ್ಲೇ ಇರಲಿ. ಬೆವರು ಹೀರಿದ ಹತ್ತಿಬಟ್ಟೆ ಆರುವುದಿಲ್ಲ, ಮೈಯೆಲ್ಲಾ ತಣ್ಣಗಾಗಿಸುತ್ತೆ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್. ಬೂಟು ಒಂದು ಸೈಜು ದೊಡ್ಡದಿರಲಿ. ಎರಡು ಸಾಕ್ಸ್ ಹಾಕಿ ಬಿಗಿಯಾದ ಬೂಟಿಗೆ ಕಾಲು ತುರುಕಿದರೆ ಬೆರಳು ಇನ್ನೂ ಬೇಗ ಮರಗಟ್ಟುತ್ತವೆ.

ಇನ್ನೊಂದು ಮಾತು. ಫೋಟೋದಲ್ಲಿ ನೋಡಿದ ಹಸಿರು ಕಣ್ಣಿಗೆ ಹಾಗೇ ಕಾಣುತ್ತೆ ಅಂದುಕೊಳ್ಳಬೇಡಿ. ಶುರುವಿನಲ್ಲಿ ಬೆಟ್ಟದ ಮೇಲೊಂದು ಬೂದು ಪಟ್ಟಿ, ತೆಳು ಮೋಡದ ಹಾಗೆ. "ಅಯ್ಯೋ, ಮೋಡ" ಅಂತ ಎಷ್ಟೋ ಜನ ಒಳಗೆ ಹೋಗಿ ಮಲಗಿಬಿಡುತ್ತಾರೆ. ಫೋನನ್ನು ನೈಟ್ ಮೋಡ್‌ಗೆ ಹಾಕಿ, ಕೈ ಅಲ್ಲಾಡದಂತೆ ಮೂರು ಸೆಕೆಂಡಿನ ಫೋಟೋ ತೆಗೆಯಿರಿ. ಹಸಿರು ಬಂತಾ? ಹಾಗಾದರೆ ಅಲ್ಲೇ ನಿಲ್ಲಿ. ಜೋರಾದಾಗ ಕಣ್ಣಿಗೂ ಬಣ್ಣ ಕಾಣುತ್ತೆ, ಪರದೆ ಅಲ್ಲಾಡಿದಂತೆ ಓಡಾಡುತ್ತೆ. ಚಳಿಗೆ ಫೋನು ಅರ್ಧ ಚಾರ್ಜ್ ಇದ್ದಾಗಲೇ ಆಫ್ ಆಗಬಹುದು. ಹೊರಗಿನ ಜೇಬಿನಲ್ಲಿ ಬೇಡ, ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಅಡುಗೆಮನೆ ಇರುವ ಹಾಸ್ಟೆಲ್ ಹುಡುಕಿ. ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ ಜೊತೆಗಿದ್ದರೆ ನಿಶ್ಚಿಂತೆ.

ಅಪ್ಪ ಅಮ್ಮನಿಗೂ ತೋರಿಸಬೇಕು ಅಂತಿದ್ದರೆ, ಅವರನ್ನು ಕರೆಸುವುದು ಹೆಚ್ಚಾಗಿ ಬೇಸಿಗೆಯಲ್ಲಿ ಅಲ್ವಾ? ಜೂನ್‌ನಲ್ಲಿ ಅಬಿಸ್ಕೋದಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಅರೋರಾ ಇದ್ದರೂ ಕಾಣಲ್ಲ. ಅವರಿಗೆ ಸೆಪ್ಟೆಂಬರ್ ಸರಿ. ಕತ್ತಲೆ ಮರಳಿರುತ್ತೆ, ಕೊರೆಯುವ ಚಳಿ ಇರುವುದಿಲ್ಲ. ವೀಸಾ ಅರ್ಜಿಯಲ್ಲಿ ದಿನಾಂಕ ಬರೆಯುವಾಗಲೇ ಇದನ್ನು ಲೆಕ್ಕ ಹಾಕಿ.