ಆ 1.2 ಸೆಂಟಿಮೀಟರ್ ಎಲ್ಲಿತ್ತು?

ಎಂ.ಎಸ್ಸಿ. ಲ್ಯಾಬ್‌ನಲ್ಲಿ ನನ್ನ ಪಾಲಿಗೆ ಬಂದಿದ್ದು ಜಿಎಂ ಕೌಂಟರ್ (ವಿಕಿರಣವನ್ನು ಎಣಿಸುವ ಗೈಗರ್-ಮುಲ್ಲರ್ ಉಪಕರಣ) ಪ್ರಯೋಗ. ದೂರ ಎರಡು ಪಟ್ಟಾದರೆ ಗಾಮಾ ತೀವ್ರತೆ ಕಾಲು ಭಾಗಕ್ಕೆ ಇಳಿಯಬೇಕು. ಪಿಯುಸಿಯಲ್ಲೇ ಬಾಯಿಪಾಠ ಮಾಡಿದ್ದು. ಒಂದೇ ಮಧ್ಯಾಹ್ನದಲ್ಲಿ ಮುಗಿಸ್ತೀನಿ ಅಂದುಕೊಂಡೆ. ಮೂರು ವಾರ ಹಿಡಿಯಿತು.

ವಿಕಿರಣ ಹೊಮ್ಮಿಸುವ ಸೋರ್ಸ್ ಸೀಸಿಯಂ-137. ನೋಡೋಕೆ ಸಣ್ಣ ಪ್ಲಾಸ್ಟಿಕ್ ಬಿಲ್ಲೆ. ಸೀಸದ ಡಬ್ಬಿಯಿಂದ ಚಿಮಟದಲ್ಲಿ ಎತ್ತಿ ಸ್ಟ್ಯಾಂಡಿನಲ್ಲಿ ಇಡಬೇಕು. ಇದರಿಂದ ಬೀಟಾ ಕಣಗಳೂ ಬರುತ್ತವೆ. ಕೌಂಟರ್‌ಗೆ ಬೀಟಾ ಯಾವುದು, ಗಾಮಾ ಯಾವುದು ಗೊತ್ತಾಗಲ್ಲ. ಅದಕ್ಕೇ 3 ಮಿ.ಮೀ. ಅಲ್ಯೂಮಿನಿಯಂ ತಗಡು ಅಡ್ಡ ಇಟ್ಟೆ. ಬೀಟಾ ಅಲ್ಲೇ ನಿಲ್ಲುತ್ತದೆ, 662 ಕೆಇವಿ ಶಕ್ತಿಯ ಗಾಮಾ ಹೆಚ್ಚುಕಡಿಮೆ ಹಾಗೇ ದಾಟಿ ಬರುತ್ತದೆ.

ಸೋರ್ಸ್ ಇಡದೆಯೇ ನಿಮಿಷಕ್ಕೆ 22 ಎಣಿಕೆ ಬರುತ್ತಿತ್ತು. ಗೋಡೆಯ ಕಲ್ಲು, ನೆಲ, ಮೇಲಿಂದ ಬೀಳುವ ಕಾಸ್ಮಿಕ್ ಕಿರಣ ಎಲ್ಲ ಸೇರಿ. ಪ್ರತಿ ರೀಡಿಂಗ್‌ನಿಂದ ಇದನ್ನು ಕಳೆಯಬೇಕು. ಮೊದಲ ವಾರ ಮಾತ್ರ 31 ತೋರಿಸಿತ್ತು. ನೋಡಿದರೆ ಪಕ್ಕದ ಬೆಂಚಿನವರು ತಮ್ಮ ಸೋರ್ಸನ್ನು ಡಬ್ಬಿಯ ಹೊರಗೇ ಬಿಟ್ಟು ಕಾಫಿಗೆ ಹೋಗಿದ್ದರು! ಆ ದಿನದ್ದೆಲ್ಲ ಹೊಡೆದು ಹಾಕಿದೆ.

ಎರಡನೇ ವಾರ 2 ಸೆಂ.ಮೀ.ನಲ್ಲಿ ನಿಮಿಷಕ್ಕೆ 6243 ಎಣಿಕೆ, 4ರಲ್ಲಿ 2381. ನಿಯಮದ ಪ್ರಕಾರ ಸುಮಾರು 1560 ಬರಬೇಕಿತ್ತು. ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಇಷ್ಟೊಂದು ಕೆಟ್ಟಿರಲಿಲ್ಲ, 507 ಇದ್ದದ್ದು 144 ಆಯಿತು. ಡೆಡ್ ಟೈಮ್ (ಒಂದನ್ನು ಎಣಿಸಿದ ಮೇಲೆ ಕೌಂಟರ್ ಕುರುಡಾಗಿರುವ ಕ್ಷಣ) ಇರಬೇಕು ಅಂತ ಅದರ ತಲೆಗೆ ಕಟ್ಟಿದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ನೂರು ಚಿಲ್ಲರೆ ಎಣಿಕೆಗೆ ಅದರಿಂದ ಆಗುವ ನಷ್ಟ ಶೇಕಡಾ ಒಂದೆರಡು ಅಷ್ಟೇ.

"ದೂರ ಎಲ್ಲಿಂದ ಎಲ್ಲಿಗೆ ಅಳೆದಿದ್ದೀಯ?" ಮೇಡಂ ಕೇಳಿದರು.

"ಬಿಲ್ಲೆಯಿಂದ ಕೌಂಟರ್ ಟ್ಯೂಬಿನ ಬಾಯಿಗೆ, ಮೇಡಂ."

"ಗಾಮಾ ಏನು, ಬಾಯಲ್ಲೇ ಕೂತಿರತ್ತಾ?"

ಅಲ್ವಾ! ಗಾಮಾ ಟ್ಯೂಬಿನ ಒಳಗೆ ಎಲ್ಲೋ ಗೋಡೆಗೆ ಬಡಿದು ಎಲೆಕ್ಟ್ರಾನ್ ಎಬ್ಬಿಸಿದ ಮೇಲೇ ಎಣಿಕೆ ಆಗೋದು. ಸೀಸಿಯಂ ಕೂಡ ಬಿಲ್ಲೆಯ ಮೇಲ್ಮೈಯಲ್ಲಿಲ್ಲ, ಒಳಗಿದೆ. ಎರಡೂ ಕಡೆ ಒಳಗೆ ಅಡಗಿರುವ ಈ ಹೆಚ್ಚುವರಿ ಉದ್ದವನ್ನು ಸ್ಕೇಲ್ ಇಟ್ಟು ಅಳೆಯೋಕಾಗಲ್ಲ. ಆದರೆ ಎಣಿಕೆಯ ವರ್ಗಮೂಲ ತೆಗೆದು, ಒಂದನ್ನು ಅದರಿಂದ ಭಾಗಿಸಿ, ದೂರದ ಎದುರು ಗ್ರಾಫ್ ಹಾಕಿದರೆ ನೇರ ಗೆರೆ ಬರುತ್ತದೆ. ನನ್ನ ಗೆರೆ ಸೊನ್ನೆಯಲ್ಲಿ ಹಾಯಲಿಲ್ಲ, ದೂರದ ಅಕ್ಷವನ್ನು ಮೈನಸ್ 1.2ರಲ್ಲಿ ಕಡಿಯಿತು. ಅಡಗಿದ್ದ ಉದ್ದ ಇದೇ. ಎಲ್ಲ ದೂರಕ್ಕೂ 1.2 ಸೇರಿಸಿದೆ. 2 ಅಂದಿದ್ದು ನಿಜವಾಗಿ 3.2, 4 ಅಂದಿದ್ದು 5.2. ಅವುಗಳ ವರ್ಗದ ಅನುಪಾತ 2.64, ನನ್ನ ಎಣಿಕೆಯದ್ದು 2.62.

ಮೂರನೇ ವಾರ ಪೂರ್ತಿ ದೂರದ ರೀಡಿಂಗ್‌ಗೇ ಹೋಯಿತು. 20 ಸೆಂ.ಮೀ.ನಲ್ಲಿ ಒಂದೇ ನಿಮಿಷ ಎಣಿಸಿದರೆ ಹದಿಮೂರರಷ್ಟು ಸುಮ್ನೆ ಹೆಚ್ಚುಕಮ್ಮಿ ಆಗುತ್ತದೆ. ಹತ್ತತ್ತು ನಿಮಿಷ ಸ್ಟೂಲಿನ ಮೇಲೆ ಕೂತು ಕಾದೆ. ಪಕ್ಕದ ಬೆಂಚಿನ ಡಬ್ಬಿ ಮುಚ್ಚಿದೆಯಾ ಅಂತ ಆಗಾಗ ನೋಡುತ್ತಾ.